ಹಿಂದಿನ ಗೇಟಿನಿಂದ ಬನ್ನಿ

ಈಜುಕೊಳದ ಟೀಚರಮ್ಮನನ್ನು ಊರಿಗೆ ಊರೇ ಶಿಳ್ಳೆ ಅಕ್ಕ ಎಂದು ಕರೆಯುತ್ತಿತ್ತು. ಎರಡು ಬೆರಳು ಬಾಯಿಗಿಟ್ಟು ಅವಳು ಒಂದು ಸಲ ಶಿಳ್ಳೆ ಹೊಡೆದರೆ, ಕೊಳದ ಆಚೆ ತುದಿಯಲ್ಲಿ ಕಿತಾಪತಿ ಮಾಡುತ್ತಿದ್ದ ಮಕ್ಕಳಿರಲಿ, ಕಾಂಪೌಂಡಿನ ಹೊರಗೆ ಹೋಗುತ್ತಿದ್ದ ಸೈಕಲ್ ಸವಾರರೂ ಬ್ರೇಕು ಹಾಕುತ್ತಿದ್ದರು. ಒಂದು ಪೀಪಿ ಕೊಡಿಸುತ್ತೇನೆ ಎಂದು ಮ್ಯಾನೇಜರು ಎಷ್ಟೋ ಸಲ ಹೇಳಿದ್ದುಂಟು. "ದೇವರು ಬಾಯಲ್ಲೇ ಇಟ್ಟು ಕಳಿಸಿರುವಾಗ ಪೀಪಿ ಯಾಕೆ ಸಾರ್" ಎಂದು ಅವಳು ನಕ್ಕುಬಿಡುತ್ತಿದ್ದಳು.

ಊರಿನ ಅರ್ಧಕ್ಕರ್ಧ ಜನ ಅವಳ ಕೈಯಲ್ಲಿ ನೀರು ಕುಡಿದವರೇ. ಈಗ ಪೋಸ್ಟ್‌ಮ್ಯಾನ್ ಆಗಿರುವವನು, ಬೇಕರಿ ನಡೆಸುವವನು, ಶಾಲೆಯ ಹೆಡ್‌ಮೇಷ್ಟ್ರು, ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಹೆಂಗಸು, ಎಲ್ಲರೂ ಒಂದು ಕಾಲಕ್ಕೆ ಆ ನೀಲಿ ಟೈಲ್ಸಿನ ಅಂಚನ್ನು ಹಿಡಿದುಕೊಂಡು "ಬೇಡ ಅಕ್ಕ, ಬೇಡ ಅಕ್ಕ" ಎಂದು ಕಿರುಚಿದವರು. ಯಾರು ಎಷ್ಟು ಚೆನ್ನಾಗಿ ಈಜುತ್ತಿದ್ದರು ಎಂಬುದು ಅವಳಿಗೆ ಮರೆತುಹೋಗುತ್ತಿತ್ತು. ಯಾರು ಹೇಗೆ ಹೆದರುತ್ತಿದ್ದರು ಎಂಬುದು ಮಾತ್ರ ಮರೆಯುತ್ತಿರಲಿಲ್ಲ.

ಅವಳು ಈ ಊರಿಗೆ ಸೊಸೆಯಾಗಿ ಬಂದಾಗ ಮೊಣಕಾಲಿಗಿಂತ ಮೇಲೆ ನೀರು ಕಂಡವಳಲ್ಲ. ಗಂಡ ಆ ಕೊಳದಲ್ಲಿ ಕಾವಲಿಗಿದ್ದ. ಮುಳುಗುವವರನ್ನು ಎತ್ತುವುದು ಅವನ ಕೆಲಸ. ಬೆಳಗ್ಗೆ ಬಾಗಿಲು ತೆರೆಯುವ ಮೊದಲು ಹೆಂಡತಿಯನ್ನು ಕರೆದುಕೊಂಡು ಹೋಗಿ ಈಜು ಕಲಿಸಿದ. "ನನ್ನ ಸೊಸೆಗೆ ನೆಗಡಿ ಆದರೂ ನಿನಗೆ ಮನೇಲಿ ಊಟ ಇಲ್ಲ" ಎಂದು ಅವನ ತಾಯಿ ದಿನಾ ಎಚ್ಚರಿಸಿ ಕಳಿಸುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ಅವನ ಹೃದಯ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಮಕ್ಕಳಿರಲಿಲ್ಲ. ಸೊಸೆ ಇನ್ನು ತವರಿಗೆ ಹೋಗುತ್ತಾಳೆ ಎಂದು ನೆಂಟರು ತಮ್ಮ ತಮ್ಮಲ್ಲೇ ತೀರ್ಮಾನಿಸಿಕೊಂಡರು. ಅತ್ತೆ ಆ ಮಾತನ್ನು ಕಿವಿಗೇ ಹಾಕಿಕೊಳ್ಳದೆ ನೇರ ಕೊಳದ ಆಫೀಸಿಗೆ ಹೋದರು. "ನನ್ನ ಮಗನಿಗಿಂತ ನನ್ನ ಸೊಸೆ ಚೆನ್ನಾಗಿ ಈಜುತ್ತಾಳೆ. ಇದನ್ನು ಅವನೇ ಹೇಳುತ್ತಿದ್ದ. ಅವನ ಕೆಲಸ ಅವಳಿಗೆ ಕೊಡಿ" ಎಂದರು. ಮ್ಯಾನೇಜರಿಗೆ ಇಲ್ಲ ಎನ್ನುವ ಧೈರ್ಯ ಬರಲಿಲ್ಲ.

ಅಂದಿನಿಂದ ಆ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ ಹೆಂಗಸರು. ಇಬ್ಬರಿಗೂ ಹಟ ಜಾಸ್ತಿ, ಇಬ್ಬರಿಗೂ ಬಾಯಿ ಜೋರು. ಒಂದೇ ಒರೆಯಲ್ಲಿ ಎರಡು ಕತ್ತಿ ಎಂದು ನೆರೆಯವರು ನಗುತ್ತಿದ್ದರು. ಆದರೆ ಒಂದಕ್ಕೊಂದು ತಾಗದಂತೆ ಇರುವುದನ್ನು ಆ ಕತ್ತಿಗಳು ಯಾವತ್ತೋ ಕಲಿತಿದ್ದವು. ಅತ್ತೆಗೆ ಮೊದಲಿಂದಲೂ ಉಬ್ಬಸ. ಚಳಿ ಬಿದ್ದರೆ ಸಾಕು, ಎದೆಯಲ್ಲಿ ಬೆಕ್ಕು ಮಲಗಿದಂತೆ ಗೊರಗೊರ ಶುರುವಾಗುತ್ತಿತ್ತು. ಸೊಸೆ ರಾತ್ರಿಯ ನಿದ್ದೆಯಲ್ಲೂ ಅದನ್ನೊಂದು ಕಿವಿಯಿಂದ ಕೇಳುತ್ತಲೇ ಇರುತ್ತಿದ್ದಳು.

ಮಹಾಮಾರಿ ಬಂದ ಮೇಲೆ ಮೊದಲು ಮುಚ್ಚಿದ್ದು ಕೊಳ. ನೀರು ಬಸಿದರು. ಖಾಲಿ ಕೊಳದಲ್ಲಿ ಟೈಲ್ಸುಗಳ ಸಂದಿಯಿಂದ ಹುಲ್ಲು ಇಣುಕಿತು. ಶಿಳ್ಳೆ ಅಕ್ಕ ವಾರಕ್ಕೊಮ್ಮೆ ಇಳಿದು ಆ ಹುಲ್ಲು ಕಿತ್ತು ಬರುತ್ತಿದ್ದಳು. ನೀರಿಲ್ಲದ ಕೊಳದಲ್ಲಿ ನಡೆಯುವುದೆಂದರೆ ಅವಳಿಗೆ ಮನೆಯ ಗೋಡೆ ಬಿದ್ದಂತೆ ಅನ್ನಿಸುತ್ತಿತ್ತು.

ಲಸಿಕೆ ಬಂದಾಗ ಊರಾಚೆಯ ದೊಡ್ಡ ಮೈದಾನದಲ್ಲಿ ಶಾಮಿಯಾನ ಹಾಕಿ ಕೊಟ್ಟರು. ಮೊದಲ ಡೋಸಿಗೆ ಅತ್ತೆ ಸೊಸೆ ಜೊತೆಯಲ್ಲೇ ಹೋಗಿ ಬಂದರು. ಎರಡನೆಯದರ ದಿನ ಶಿಳ್ಳೆ ಅಕ್ಕನಿಗೆ ಊರಿನ ಕಚೇರಿಯಲ್ಲಿ ಡ್ಯೂಟಿ ಹಾಕಿದ್ದರು. ಪಕ್ಕದ ಮನೆಯ ಟೈಲರು ತನ್ನ ತಾಯಿಯನ್ನು ಕರೆದೊಯ್ಯುವಾಗ ಅತ್ತೆಯನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಹೋದ. ಸಂಜೆ ಸೊಸೆ ಮನೆಗೆ ಬಂದಾಗ ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

"ಏನಾಯ್ತು ಅತ್ತೆ? ಜ್ವರ ಬಂತಾ?"

"ಏನೂ ಆಗಿಲ್ಲ. ಹಾಕಿಸ್ಕೊಂಡೆ. ಆಯ್ತು. ಇನ್ನು ನನ್ನನ್ನ ಎಲ್ಲಿಗೂ ಕರೀಬೇಡ."

ಟೈಲರನ್ನು ಕೇಳಿದರೆ "ಸ್ವಲ್ಪ ತಲೆ ಸುತ್ತು ಬಂತು ಅಷ್ಟೇ ಅಕ್ಕ, ಬಿಸಿಲಲ್ವಾ" ಎಂದು ಆಚೀಚೆ ನೋಡಿದ. ಅವಳೂ ಅದನ್ನು ಅಲ್ಲಿಗೇ ಬಿಟ್ಟಳು.

ಮುಂದಿನ ಚಳಿಗಾಲಕ್ಕೆ ಕಾಯಿಲೆ ಮತ್ತೆ ತಲೆಯೆತ್ತಿತು. ಊರಿನಲ್ಲಿದ್ದ ಚಿಕ್ಕ ಚಿಕ್ಕ ಕ್ಲಿನಿಕ್ಕುಗಳಲ್ಲಿ ಒಂದೇ ಕೋಣೆ, ಒಂದೇ ಬೆಂಚು. ಸಕ್ಕರೆ ಕಾಯಿಲೆಯ ಮಾತ್ರೆ ಬರೆಸಿಕೊಳ್ಳಲು ಬಂದ ಮುದುಕನ ಪಕ್ಕದಲ್ಲೇ ಜ್ವರ ಬಂದವನು ಕೂತು ಕೆಮ್ಮುತ್ತಿದ್ದ. ಕೆಲವು ಡಾಕ್ಟರುಗಳು ಕೆಮ್ಮುವವರು ಬರಲೇಬೇಡಿ ಎಂದು ಬೋರ್ಡು ತಗುಲಿಸಿದರು. ಅವರು ಹೋಗುವುದೆಲ್ಲಿಗೆ? ಆಗ ಊರಿನ ಕಚೇರಿಯವರಿಗೆ ಹೊಳೆದದ್ದು ಈಜುಕೊಳ. ಕೆಮ್ಮು, ಜ್ವರ, ಉಸಿರಿನ ತೊಂದರೆ ಇದ್ದವರೆಲ್ಲ ಅಲ್ಲಿಗೇ ಬರಲಿ, ಉಳಿದ ಕ್ಲಿನಿಕ್ಕುಗಳು ಉಳಿದವರಿಗಿರಲಿ ಎಂದು ಅದನ್ನು ಉಸಿರಿನ ಕ್ಲಿನಿಕ್ಕು ಮಾಡಿದರು.

ನೋಡಿದರೆ ಅದಕ್ಕೆಂದೇ ಕಟ್ಟಿಸಿದ ಹಾಗಿತ್ತು. ಎತ್ತರದ ಸೂರು, ಗೋಡೆಯ ಮೇಲುಗಡೆ ಸಾಲಾಗಿ ಕಿಟಕಿ, ಗಾಳಿ ಬೇಕಾದಷ್ಟು. ಗಂಡಸರು ಬಟ್ಟೆ ಬದಲಿಸುತ್ತಿದ್ದ ಕೋಣೆ ಡಾಕ್ಟರಮ್ಮನದಾಯಿತು. ಹೆಂಗಸರದು ಪರೀಕ್ಷೆಯ ಕೋಣೆಯಾಯಿತು. ಟವೆಲು ನೇತುಹಾಕುತ್ತಿದ್ದ ಕೊಕ್ಕೆಗಳಲ್ಲಿ ಈಗ ನೀಲಿ ಗೌನುಗಳು ನೇತಾಡಿದವು. ಒಳಗೆ ಹೋಗುವ ದಾರಿಯಲ್ಲಿ ಕಾಲು ಅದ್ದಿಕೊಳ್ಳುವ ತೊಟ್ಟಿಯೊಂದಿತ್ತು. ಅದು ಒಣಗಿ ಎಷ್ಟೋ ದಿನವಾಗಿದ್ದರೂ ಬರುವವರೆಲ್ಲ ಹಳೆಯ ಅಭ್ಯಾಸಕ್ಕೆ ಅಲ್ಲಿ ಚಪ್ಪಲಿ ಕೈಗೆತ್ತಿಕೊಂಡು, ಆಮೇಲೆ ನಾಚಿಕೊಂಡು ಕೆಳಗಿಡುತ್ತಿದ್ದರು.

ಬಾಗಿಲಲ್ಲಿ ನಿಂತು ಜನರನ್ನು ದೂರ ದೂರ ಕೂರಿಸಿ, ಒಬ್ಬೊಬ್ಬರನ್ನಾಗಿ ಒಳಗೆ ಬಿಡುವ ಕೆಲಸ ಶಿಳ್ಳೆ ಅಕ್ಕನ ಪಾಲಿಗೆ ಬಂತು. ಮಾಸ್ಕು ಹಾಕಿದ ಮೇಲೆ ಬಾಯಿಗೆ ಬೆರಳಿಡುವ ಹಾಗಿರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ಚಪ್ಪಾಳೆ ಹೊಡೆದು ಜನರನ್ನು ಕರೆದಳು. ಸಂಜೆ ಅಲ್ಲೇ ಸ್ನಾನ ಮಾಡಿ, ಬೇರೆ ಬಟ್ಟೆ ಉಟ್ಟು, ಮನೆಗೆ ಹೋಗಿಯೂ ಅತ್ತೆಯಿಂದ ದೂರವೇ ಕೂತು ಊಟ ಮಾಡುತ್ತಿದ್ದಳು. ದಿನವಿಡೀ ಕೆಮ್ಮುವವರ ನಡುವೆ ನಿಂತು ಬಂದವಳಿಗೆ ಅತ್ತೆಯ ಎದೆಯ ಗೊರಗೊರ ಮೊದಲಿಗಿಂತ ಜೋರಾಗಿ ಕೇಳಿಸುತ್ತಿತ್ತು.

ಆ ಹೊತ್ತಿಗೇ ಬೂಸ್ಟರ್ ಡೋಸು ಬಂತು. ಮೈದಾನದ ಶಾಮಿಯಾನ ಆಗಲೇ ಎತ್ತಿದ್ದರು. ಪಕ್ಕದ ಪಟ್ಟಣದ ಆಸ್ಪತ್ರೆಗೆ ಹೋಗಿ ಹಾಕಿಸಿಕೊಳ್ಳಬೇಕಿತ್ತು, ಅದಕ್ಕೆ ಮೊದಲು ಫೋನಿನಲ್ಲಿ ಹೆಸರು ಬರೆಸಬೇಕಿತ್ತು. ಬೇಕಾಗಿದ್ದದ್ದು ವಯಸ್ಸಾದವರಿಗೆ. ಅವರಿಗೆ ಫೋನು ಒತ್ತಲು ಬರದು, ಬಸ್ಸು ಹತ್ತಲು ಆಗದು. ಡಾಕ್ಟರಮ್ಮ ಮೇಲಿನವರ ಬೆನ್ನು ಹತ್ತಿ, ವಾರದಲ್ಲಿ ಮೂರು ಬೆಳಗ್ಗೆ ಕ್ಲಿನಿಕ್ಕಿನಲ್ಲೇ ಲಸಿಕೆ ಹಾಕುವ ಏರ್ಪಾಡು ಮಾಡಿಸಿಕೊಂಡು ಬಂದರು. ಹೆಸರು ಬರೆಸುವುದೂ ಬೇಡ, ಬಂದವರಿಗೆ ಬಂದ ಹಾಗೆ. ಚುಚ್ಚಲು ಒಬ್ಬ ನರ್ಸ್ ಬಂದ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಉದ್ದದ ಆಳು. ಕೈ ಮಾತ್ರ ಹತ್ತಿಯಷ್ಟು ಹಗುರ.

ಮೊದಲ ಬೆಳಗ್ಗೆ ಒಬ್ಬರೂ ಬರಲಿಲ್ಲ. ಎರಡನೆಯ ಸಲ ಹೆಡ್‌ಮೇಷ್ಟ್ರು ಬಂದು, ಮುಂಬಾಗಿಲಲ್ಲಿ ಯಾರೋ ಕೆಮ್ಮಿದ್ದು ಕೇಳಿ, ಕೊಡೆ ಮರೆತಿದ್ದೇನೆ ಎಂದು ಹೋದವರು ಮತ್ತೆ ಕಾಣಿಸಲಿಲ್ಲ. ಉದ್ದದ ನರ್ಸ್ ನೊಣ ಹೊಡೆಯುತ್ತಾ ಕೂತ. ಊರಿನಲ್ಲಿ ಗಾಳಿಮಾತು ಎದ್ದಿತ್ತು. ಲಸಿಕೆಗೆ ಅಂತ ಹೋದರೆ ಕಾಯಿಲೆ ಹತ್ತಿಸಿಕೊಂಡು ಬರುತ್ತೀರಿ, ಎರಡೂ ಒಂದೇ ಸೂರಿನಡಿ ಇಟ್ಟಿದ್ದಾರೆ ಎಂದು.

"ಅವರು ಹೇಳೋದ್ರಲ್ಲಿ ತಪ್ಪೇನಿಲ್ಲ" ಎಂದರು ಡಾಕ್ಟರಮ್ಮ. ಮೆಲ್ಲಗೆ ಮಾತಾಡುವವರು, ಮಾಸ್ಕಿನ ಹಿಂದಿನಿಂದ ಅರ್ಧ ಮಾತು ಊಹಿಸಿಕೊಳ್ಳಬೇಕಾಗುತ್ತಿತ್ತು. "ನಾನಾದ್ರೂ ನಮ್ಮಮ್ಮನ್ನ ಆ ಬಾಗಿಲಿಂದ ಕರ್ಕೊಂಡು ಬರ್ತಿರ್ಲಿಲ್ಲ. ಶಿಳ್ಳೆ ಅಕ್ಕ, ಈ ಕಟ್ಟಡಕ್ಕೆ ಬಾಗಿಲು ಎಷ್ಟಿದೆ?"

"ಮುಂದೆ ಒಂದು. ಪಂಪಿನ ಮನೆಗೆ ಒಂದು. ಆಮೇಲೆ ಹಿಂದಗಡೆ, ಮಕ್ಕಳ ಕೊಳದ ಗೇಟು."

"ಮಕ್ಕಳ ಕೊಳ ಬೇರೆನಾ?"

"ಬೇರೆ. ನಡುವೆ ಗೋಡೆ ಇದೆ. ಮೇಲೆ ತಗಡಿನ ಮಾಡು, ಮೂರು ಕಡೆ ಬಯಲು. ಅಪ್ಪ ಅಮ್ಮಂದಿರು ಕೂತು ನೋಡೋಕೆ ಮೆಟ್ಟಿಲಿದೆ."

ಡಾಕ್ಟರಮ್ಮ ಎದ್ದರು. ಇಬ್ಬರೂ ಹೋಗಿ ನೋಡಿದರು. ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಟ್ಟು, ಉದ್ದದ ನರ್ಸ್ ಭುಜ ಕೊಟ್ಟು ನೂಕಿದ ಮೇಲೆ ಗೇಟು ಕಿರ್ರೆಂದು ತೆರೆಯಿತು. ಆ ದಿನವೇ ಗುಡಿಸಿದರು, ತೊಳೆದರು, ನಡುವಿನ ಬಾಗಿಲಿಗೆ ಅಡ್ಡ ಹಲಗೆ ಹೊಡೆದರು. ಲಸಿಕೆಯವರು ಹಿಂದಿನ ಗೇಟಿನಿಂದ ಬರುವುದು, ಹಿಂದಿನ ಗೇಟಿನಿಂದಲೇ ಹೋಗುವುದು. ಮುಂದಿನವರ ಕೆಮ್ಮು ಅಲ್ಲಿಗೆ ಕೇಳಿಸುವುದೂ ಇಲ್ಲ. ಬೋರ್ಡು ಬರೆಸಿದರು. ಆದರೆ ಬೋರ್ಡು ಓದಲು ಜನ ಮೊದಲು ಮನೆಯಿಂದ ಹೊರಗೆ ಬರಬೇಕಲ್ಲ?

ಶಿಳ್ಳೆ ಅಕ್ಕ ಫೋನು ಹಿಡಿದಳು.

"ಹಲೋ, ನಾನು ಕಣೋ, ಶಿಳ್ಳೆ ಅಕ್ಕ. ನಿಮ್ಮಪ್ಪ ಹೇಗಿದ್ದಾರೆ? ಬೂಸ್ಟರ್ ಆಯ್ತಾ?"

"ಇಲ್ಲಕ್ಕ" ಎಂದ ಬೇಕರಿಯವನು. "ಅಲ್ಲಿ ಕೆಮ್ಮೋರೆಲ್ಲ ಬರ್ತಾರಂತಲ್ಲ. ಅಪ್ಪಂಗೆ ಮೊದಲೇ ಶ್ವಾಸಕೋಶ ಸರಿಯಿಲ್ಲ."

"ಕೆಮ್ಮೋರಿಗೆ ಮುಂದಿನ ಗೇಟು. ನೀನು ಅಪ್ಪನ್ನ ಹಿಂದಿನ ಗೇಟಿಂದ ಕರ್ಕೊಂಡು ಬಾ. ಚಿಕ್ಕೋನಿದ್ದಾಗ ಟಿಕೆಟ್ ತಗೊಳ್ದೆ ಹಾರ್ಕೊಂಡು ಬರ್ತಿದ್ಯಲ್ಲ, ಅದೇ ಗೇಟು."

"ನಿಮಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿಲ್ದೆ ಏನು. ಹೇಗೋ ನೀರಿಗೆ ಇಳಿತಿದಾನಲ್ಲ, ಇಳೀಲಿ ಅಂತ ಸುಮ್ನಿದ್ದೆ. ನಾಳೆ ಬೆಳಗ್ಗೆ ಬರ್ತೀಯೋ ಇಲ್ವೋ?"

ಬಂದ. ಅಪ್ಪನನ್ನೂ ಚಿಕ್ಕಪ್ಪನನ್ನೂ ಕರೆದುಕೊಂಡು ಬಂದ. ಪೋಸ್ಟ್‌ಮ್ಯಾನು ಕಾಗದ ಹಂಚುವ ದಾರಿಯಲ್ಲಿ ಮನೆ ಮನೆಗೂ ಹೇಳಿದ. ಇಸ್ತ್ರಿ ಅಂಗಡಿಯ ಹೆಂಗಸು ತನ್ನ ತಾಯಿಯನ್ನು ಕೈಹಿಡಿದು ನಡೆಸಿಕೊಂಡು ಬಂದಳು. ಮುಂದಿನ ಬಾಗಿಲಿನ ಕೆಲಸಕ್ಕೆ ಹೋಗುವ ಮೊದಲು, ಒಬ್ಬೊಬ್ಬರನ್ನೂ ಗೇಟಿನಲ್ಲೇ ಶಿಳ್ಳೆ ಅಕ್ಕ ಎದುರುಗೊಂಡು ಮೆಟ್ಟಿಲ ಮೇಲೆ ಅಂತರ ಬಿಟ್ಟು ಕೂರಿಸುತ್ತಿದ್ದಳು. ಸೂಜಿ ನೋಡಿ ಹಿಂದೆ ಸರಿದವರಿಗೆ, ಮೊದಲ ಸಲ ನೀರಿಗಿಳಿಯುವ ಮಕ್ಕಳಿಗೆ ಹೇಳುತ್ತಿದ್ದ ಮಾತನ್ನೇ ಹೇಳುತ್ತಿದ್ದಳು. "ಕಣ್ಣು ಮುಚ್ಚಬೇಡಿ. ನನ್ನನ್ನ ನೋಡಿ. ಉಸಿರು ಬಿಡಿ. ಹ್ಞಾಂ, ಆಗೇಹೋಯ್ತು." ನಿಜವಾಗಿಯೂ ಆಗಿಹೋಗಿರುತ್ತಿತ್ತು. ಸೊಳ್ಳೆ ಕಚ್ಚಿದಷ್ಟೂ ನೋವಿಲ್ಲ ಎಂದು ಯಾರೋ ಹೇಳಿದ್ದೇ ತಡ, ಆ ಉದ್ದದ ನರ್ಸಿಗೆ ಸೊಳ್ಳೆ ಎಂದೇ ಹೆಸರು ಬಿತ್ತು. "ಶಿಳ್ಳೆ ಕರೀತಾಳೆ, ಸೊಳ್ಳೆ ಕಚ್ತಾನೆ" ಎಂದು ಬೇಕರಿಯ ಮುಂದೆ ಜನ ನಕ್ಕರು. ಕೆಲವೇ ವಾರಗಳಲ್ಲಿ ಹಿಂದಿನ ಗೇಟಿನಲ್ಲಿ ಕಾಲಿಡಲು ಜಾಗವಿಲ್ಲದಂತಾಗಿ, ವಾರದ ಬೆಳಗ್ಗೆಗಳನ್ನು ಹೆಚ್ಚಿಸಬೇಕಾಯಿತು.

ಊರೆಲ್ಲ ಬಂದಿತು. ಬರದವರು ಒಬ್ಬರೇ. ಶಿಳ್ಳೆ ಅಕ್ಕನ ಅತ್ತೆ.

"ನನಗೆ ಬೇಡ ಅಂದ್ನಲ್ಲ."

"ಯಾಕೆ ಬೇಡ ಅಂತ ಹೇಳಿ ಅತ್ತೆ. ನೋವಾಗುತ್ತೆ ಅಂತಾನಾ? ಆ ಹುಡುಗ ಚುಚ್ಚಿದ್ದೇ ಗೊತ್ತಾಗಲ್ಲ."

"ಮೂರು ಹಡೆದವಳು ನಾನು. ಸೂಜಿಗೆ ಹೆದರ್ತೀನಾ?" ಹೆತ್ತ ಮೂವರಲ್ಲಿ ಉಳಿದು ಬೆಳೆದದ್ದು ಮಗನೊಬ್ಬನೇ. ಅವನೂ ಹೋದ ಮೇಲೆ ಅತ್ತೆ ಆ ಲೆಕ್ಕವನ್ನು ಸಿಟ್ಟು ಬಂದಾಗ ಮಾತ್ರ ತೆಗೆಯುತ್ತಿದ್ದರು.

"ಹಾಗಾದ್ರೆ ಮತ್ತೇನು?"

"ವಯಸ್ಸಾಯ್ತು. ಇನ್ನೆಷ್ಟು ದಿನ. ಇರೋರಿಗೆ ಹಾಕ್ಲಿ."

ಶಿಳ್ಳೆ ಅಕ್ಕ ಬೇಡಿದಳು, ಗದರಿದಳು, ಒಂದು ಹೊತ್ತು ಊಟ ಬಿಟ್ಟು ಮುನಿಸಿಕೊಂಡೂ ನೋಡಿದಳು. ಅತ್ತೆ ಅವಳ ಪಾಲಿನ ಊಟವನ್ನು ಮುಚ್ಚಿಟ್ಟು ಸುಮ್ಮನೆ ಮಲಗಿದರು. ಅತ್ತ ಊರಿನವರ ಬಾಯಿಗೆ ಬೀಗ ಹಾಕುವವರು ಯಾರು? "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಇಸ್ತ್ರಿ ಅಂಗಡಿಯಲ್ಲಿ ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು. ಅವಳು ಅದಕ್ಕೆ ಕೋಪಿಸಿಕೊಳ್ಳಲಿಲ್ಲ. ಅತ್ತ ಹೋಗುವುದನ್ನೇ ಬಿಟ್ಟು ಬಳಸು ದಾರಿ ಹಿಡಿದಳು.

ಒಂದು ಬೆಳಗ್ಗೆ ಅತ್ತೆ ಏಳಲಿಲ್ಲ.

ಸೊಸೆ ಹೋಗಿ ಹಣೆ ಮುಟ್ಟಿದಳು. ಕೆಂಡ. ಎದೆಯ ಗೊರಗೊರ ಈಗ ಬೇರೆ ಥರ ಇತ್ತು, ಒದ್ದೆ ಬಟ್ಟೆ ಹರಿದ ಹಾಗೆ. ನಡುನಡುವೆ ಕೆಮ್ಮು. ಉಬ್ಬಸದ ಔಷಧಿಯ ಪಂಪು ತಂದು ಬಾಯಿಗಿಟ್ಟರೆ ಎಳೆದುಕೊಳ್ಳಲು ಉಸಿರೇ ಸಾಲುತ್ತಿರಲಿಲ್ಲ. ನಾನೇ ಇದನ್ನು ಮನೆಗೆ ತಂದುಬಿಟ್ಟೆ. ಆ ಬಾಗಿಲಲ್ಲಿ ನಿಂತು ನಿಂತು, ನಾನೇ ಹೊತ್ತು ತಂದು ಇವರಿಗೆ ಕೊಟ್ಟೆ. ಬೇರೆ ಏನೂ ಅವಳ ತಲೆಗೆ ಹೋಗಲಿಲ್ಲ.

ಟೈಲರನ ವ್ಯಾನಿಗೆ ಕಾಯುವ ವ್ಯವಧಾನ ಇರಲಿಲ್ಲ. ಕ್ಲಿನಿಕ್ಕಿಗೆ ಓಡಿ, ಗಾಲಿ ಕುರ್ಚಿ ತಳ್ಳಿಕೊಂಡು ಬಂದು, ಅತ್ತೆಯನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿದಳು. ಬೀದಿಯ ಹೊಂಡಗಳಲ್ಲಿ ಗಾಲಿ ಕುಣಿಯಿತು.

"ಮೆಲ್ಲಗೆ ಕಣೇ" ಎಂದರು ಅತ್ತೆ ಏದುಸಿರಿನಲ್ಲೇ. "ಕಾಯಿಲೆಗಿಂತ ಮೊದಲು ನೀನೇ ಕೊಲ್ತೀಯ."

ದಿನಾ ಬೇರೆಯವರಿಗೆ ತೆರೆಯುತ್ತಿದ್ದ ಮುಂದಿನ ಬಾಗಿಲಲ್ಲಿ ಅಂದು ಅವಳೂ ಎಲ್ಲರ ಹಾಗೆ ಕುರ್ಚಿ ಹಿಡಿದುಕೊಂಡು ನಿಂತಳು. ಡಾಕ್ಟರಮ್ಮ ನೋಡಿದ ಕೂಡಲೇ ಒಳಗೆ ಕರೆದರು. ಅತ್ತೆಯ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ಅಂಕಿ ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪಿಟ್ಟು ಕೇಳಿದರು, ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆಗೆ ತೆಗೆದರು. ಮೂಗಿಗೆ ಸಣ್ಣ ಕೊಳವೆ ಇಟ್ಟು ಆಮ್ಲಜನಕ ಹರಿಸಿದರು. ಮುಖದಲ್ಲಿ ಏನೂ ಕಾಣಿಸಿಕೊಳ್ಳಲಿಲ್ಲ. ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಗುರಾಣಿ, ಕಾಣಿಸಿಕೊಳ್ಳುವುದಾದರೂ ಎಲ್ಲಿ?

"ಫಲಿತಾಂಶ ಬರಲಿ" ಎಂದರು. "ಅಲ್ಲೀವರೆಗೂ ಇಲ್ಲೇ ಇರಿ."

ಕಾಯುವುದೆಂದರೇನು ಎಂದು ಶಿಳ್ಳೆ ಅಕ್ಕನಿಗೆ ಅಂದು ಗೊತ್ತಾಯಿತು. ಎಷ್ಟು ಜನರನ್ನು ಇದೇ ಬೆಂಚಿನಲ್ಲಿ ಕೂರಿಸಿ, "ಬರುತ್ತೆ ಇರಿ, ಈಗ ಬರುತ್ತೆ" ಎಂದು ಸಮಾಧಾನ ಹೇಳಿದ್ದಳೋ! ಆ ಮಾತಿನಲ್ಲಿ ಯಾರಿಗೂ ಯಾವ ಸಮಾಧಾನವೂ ಆಗಿರಲಾರದು ಎಂದು ಈಗ ಅನ್ನಿಸಿತು. ಅತ್ತೆಯ ಬೆನ್ನು ನೀವುತ್ತಾ ಕೂತಳು.

"ಉಸಿರು ನಿಧಾನ ಅತ್ತೆ. ಮೂಗಲ್ಲಿ ತಗೊಳ್ಳಿ, ಬಾಯಲ್ಲಿ ಬಿಡಿ. ತುಟಿ ಚೂಪು ಮಾಡಿ ಬಿಡಿ."

"ನನಗೆ ಈಜು ಕಲಿಸಬೇಡ."

ಸೊಸೆಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಾಣಿಸದಿರಲಿ ಎಂದು ಆಚೆ ತಿರುಗಿದಳು. ಅತ್ತೆ ಕಂಬಳಿಯೊಳಗಿನಿಂದ ಕೈ ತೆಗೆದು ಅವಳ ಕೈ ಹಿಡಿದುಕೊಂಡರು. ಆಮೇಲೆ ಅವಳು ಹೇಳಿದ ಹಾಗೆಯೇ ತುಟಿ ಚೂಪು ಮಾಡಿ ಉಸಿರು ಬಿಟ್ಟರು.

ಬಿಸಿಲು ಕಿಟಕಿಯಿಂದ ನೆಲಕ್ಕೆ ಇಳಿಯುವ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ಈ ಸಲ ಅವರ ಧ್ವನಿ ಸ್ಪಷ್ಟವಾಗಿ ಕೇಳಿಸಿತು.

"ಅದಲ್ಲ."

"ಏನು?"

"ಆ ಕಾಯಿಲೆ ಅಲ್ಲ. ಎರಡು ಸಲ ನೋಡಿದ್ವಿ. ಮಾಮೂಲಿ ನೆಗಡಿ ಜ್ವರ, ಉಬ್ಬಸ ಕೆರಳಿದೆ. ಔಷಧಿ ಹಬೇಲಿ ಕೊಡ್ತೀನಿ, ಸಂಜೆ ಹೊತ್ತಿಗೆ ಮನೆಗೆ ಕರ್ಕೊಂಡು ಹೋಗ್ಬಹುದು."

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಶಿಳ್ಳೆ ಅಕ್ಕ ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತುಬಿಟ್ಟಳು. ಊರಿನ ಎಷ್ಟೋ ಜನರನ್ನು ನೀರಿನಿಂದ ಎತ್ತಿದವಳನ್ನು ಅಂದು ಡಾಕ್ಟರಮ್ಮ ತೋಳು ಹಿಡಿದು ಎತ್ತಬೇಕಾಯಿತು.

ಔಷಧಿಯ ಹಬೆ ಎಳೆದುಕೊಂಡು ಅತ್ತೆಯ ಉಸಿರು ಹದಕ್ಕೆ ಬಂತು. ಸೊಳ್ಳೆ ನರ್ಸ್ ಪಕ್ಕದಲ್ಲಿ ಕೂತು ಬೆರಳಿನ ಕ್ಲಿಪ್ಪು ನೋಡುತ್ತಿದ್ದ. ಅತ್ತೆ ಅವನನ್ನು ಕೆಳಗಿಂದ ಮೇಲಿನವರೆಗೆ ಅಳೆದು ನೋಡಿದರು. ಅದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು.

"ನೀನೇನಾ ಆ ಸೊಳ್ಳೆ?"

"ಹೌದಜ್ಜಿ."

"ಹಿಂದಗಡೆ ಚುಚ್ಚುವಾಗ ಎಷ್ಟು ಜನ ಸಾಲಲ್ಲಿ ನಿಂತಿರ್ತಾರೆ?"

"ಸಾಲು ಇಲ್ಲಜ್ಜಿ. ಎಲ್ರೂ ಕೂತಿರ್ತಾರೆ. ನಾನೇ ಅವರ ಹತ್ರ ಹೋಗ್ತೀನಿ."

ಅತ್ತೆ ಬಾಗಿಲ ಕಡೆ ನೋಡಿದರು. ಸೊಸೆ ಮಾತ್ರೆಗಳನ್ನು ತರಲು ಹೋಗಿದ್ದಾಳೆ ಅಂದುಕೊಂಡಿದ್ದರು. ಅವಳು ಆಗಲೇ ಬಂದು ಪರದೆಯ ಆಚೆ ನಿಂತಿದ್ದಳು.

"ಎರಡನೇ ಡೋಸಿನ ದಿನ ಮೈದಾನದಲ್ಲಿ ನಿಂತೇ ಇರಬೇಕಿತ್ತು" ಎಂದರು ಅತ್ತೆ. "ಬಿಸಿಲು. ಕಣ್ಣಿಗೆ ಕತ್ತಲೆ ಬಂದು ಬಿದ್ದೆ. ಗಾಳಿ ಬರಲಿ ಅಂತ ಯಾರೋ ಪುಣ್ಯಾತ್ಮರು ಮಾಸ್ಕು ಎಳೆದ್ರು. ಮಾಸ್ಕಿನ ಜೊತೆ ನನ್ನ ಹಲ್ಲಿನ ಸೆಟ್ಟೂ ಬಂತು. ಕಣ್ಣು ಬಿಟ್ಟು ನೋಡ್ತೀನಿ, ಅಷ್ಟು ಜನರ ನಡುವೆ ನನ್ನ ಹಲ್ಲು ಮಣ್ಣಲ್ಲಿ ಬಿದ್ದಿದೆ. ನಾನು ಇಲ್ಲಿ, ಅದು ಅಲ್ಲಿ. ಟೈಲರು ಕರ್ಚೀಫಲ್ಲಿ ಎತ್ಕೊಂಡು ಬಂದ. ಯಾರೋ ನಕ್ರು. ಇಷ್ಟು ವರ್ಷ ಈ ಊರಲ್ಲಿ ತಲೆ ಎತ್ತಿ ಬದುಕಿದವಳು ನಾನು. ನನ್ನ ಮಗ ಸತ್ತಾಗ ಕೂಡ ಬೀದೀಲಿ ಅತ್ತವಳಲ್ಲ."

ಸೊಳ್ಳೆ ನಗಲಿಲ್ಲ. ಬೆರಳಿನ ಕ್ಲಿಪ್ಪು ಸರಿಮಾಡುತ್ತಾ ಹೇಳಿದ. "ಅಜ್ಜಿ, ನಮ್ಮ ಗೇಟಿಗೆ ಬರೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಹಲ್ಲು ಕಟ್ಟಿಸಿದ್ದೇ. ಬಿದ್ರೆ ಯಾರದ್ದು ಯಾವುದು ಅಂತ ಗೊತ್ತಾಗದೆ ಜಗಳ ಆಗಬಹುದು, ಅಷ್ಟೇ."

ಅತ್ತೆ ಅವನನ್ನು ಒಂದು ಕ್ಷಣ ದುರುಗುಟ್ಟಿ ನೋಡಿದರು. ಆಮೇಲೆ ಹಬೆಯ ಮುಖವಾಡದೊಳಗೇ ನಗತೊಡಗಿದರು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು. ಪರದೆಯ ಆಚೆ ಸೊಸೆಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಕಣ್ಣಲ್ಲಿ ಮಾತ್ರ ನೀರು. ಇಷ್ಟು ದಿನ ಇದೊಂದನ್ನು ಎದೆಯಲ್ಲಿಟ್ಟುಕೊಂಡು ಒಬ್ಬರೇ ಕೂತಿದ್ದರಲ್ಲ ಎಂದು. ನಾನು ಸೂಜಿಯ ಮಾತೇ ಆಡುತ್ತಿದ್ದೆನಲ್ಲ ಎಂದು.

ಅವಳು ಒಳಗೆ ಬಂದು ಏನೂ ಕೇಳಿಸಿಕೊಳ್ಳದವಳಂತೆ ಮಾತ್ರೆಯ ಪೊಟ್ಟಣ ಮೇಜಿನ ಮೇಲಿಟ್ಟಳು.

"ಎಲ್ಲಾ ಕೇಳಿಸ್ಕೊಂಡೆಯಲ್ಲ?" ಎಂದರು ಅತ್ತೆ.

"ಇಲ್ಲ ಅತ್ತೆ."

"ಸುಳ್ಳು ಹೇಳಬೇಡ. ಪರದೆ ಕೆಳಗೆ ನಿನ್ನ ಕಾಲು ಕಾಣ್ತಿತ್ತು."

ಜ್ವರ ಇಳಿದು ಮೈ ಸುಧಾರಿಸುವವರೆಗೆ ಲಸಿಕೆ ಬೇಡ ಎಂದು ಡಾಕ್ಟರಮ್ಮ ಹೇಳಿದ್ದರು. ಆ ದಿನಗಳಲ್ಲಿ ಶಿಳ್ಳೆ ಅಕ್ಕ ಬೂಸ್ಟರಿನ ಮಾತು ಎತ್ತಲೇ ಇಲ್ಲ. ಅತ್ತೆಯೇ ಎತ್ತಿದರು. ಒಂದು ಬೆಳಗ್ಗೆ ಅವಳು ಕೆಲಸಕ್ಕೆ ಹೊರಟಾಗ, ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಗಾಲಿ ಕುರ್ಚಿ ಬೇಡ. ನಡೀತೀನಿ."

ನಡೆದರು. ಇಸ್ತ್ರಿ ಅಂಗಡಿಯ ಮುಂದೆ ಬೇಕೆಂದೇ ನಿಧಾನ ಮಾಡಿ, ಒಳಗಿದ್ದವರಿಗೆಲ್ಲ ಕಾಣುವ ಹಾಗೆ ನಡೆದರು. ಹಿಂದಿನ ಗೇಟಿನ ಒಳಗೆ ತಗಡಿನ ಮಾಡಿನ ನೆರಳು, ತಂಪು ಗಾಳಿ, ಮೆಟ್ಟಿಲ ಮೇಲೆ ಅಲ್ಲಲ್ಲಿ ಕೂತ ಹಿರಿಯರು. ಶಿಳ್ಳೆ ಅಕ್ಕ ಅತ್ತೆಯನ್ನು ಕೂರಿಸಿ ತೋಳಿನ ಬಟ್ಟೆ ಸರಿಸಿದಳು. ತನ್ನ ಮಾಮೂಲಿ ಮಾತು ಬಾಯಿಗೆ ಬಂದಿತ್ತು. ಅತ್ತೆಯ ಮುಖ ನೋಡಿ ನುಂಗಿಕೊಂಡಳು. ಸೊಳ್ಳೆ ಬಂದ, ಬಗ್ಗಿದ, ಎದ್ದ.

"ಶುರು ಮಾಡಪ್ಪ" ಎಂದರು ಅತ್ತೆ.

"ಮುಗೀತಜ್ಜಿ."

"ಹೌದಾ?" ಅತ್ತೆ ತೋಳನ್ನು ತಿರುಗಿಸಿ ನೋಡಿಕೊಂಡರು. ಸ್ವಲ್ಪ ಮೋಸ ಹೋದಂತೆ ಕಂಡರು.

ಲಸಿಕೆ ಆದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಿರಬೇಕು ಎಂಬುದು ನಿಯಮ. ಕೆಳಗಿನ ಮೆಟ್ಟಿಲಲ್ಲಿ ಬೆನ್ನು ಮಾಡಿ ಕೂತಿದ್ದ ಒಬ್ಬ ಮುದುಕಿ ಧ್ವನಿ ಕೇಳಿ ಮೆಲ್ಲಗೆ ತಿರುಗಿದರು. ಮಾರ್ಕೆಟ್ಟಿನ ಹತ್ತಿರ ಗುಂಡಿ, ದಾರ, ಲೇಸು ಮಾರುತ್ತಿದ್ದವರು. ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು.

"ನೀನು ಇದ್ದೀಯಾ!" ಎಂದರು ಗುಂಡಿ ಅಂಗಡಿಯವರು.

"ಇಲ್ದೆ ಎಲ್ಲಿ ಹೋಗ್ಲಿ? ನೀನು ಹೋದೆ ಅಂತ ನನಗೆ ಯಾರೋ ಹೇಳಿದ್ರಲ್ಲೇ!"

"ನನಗೂ ನಿನ್ನ ಬಗ್ಗೆ ಹಾಗೇ ಹೇಳಿದ್ರು. ಎರಡು ದಿನ ಊಟ ಸೇರಿರ್ಲಿಲ್ಲ ನಂಗೆ."

"ನಾನು ಮೂರು ದಿನ ಅತ್ತಿದ್ದೆ ಕಣೇ. ಎಲ್ಲಾ ವೇಸ್ಟು."

ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಅಂತರ ಬಿಟ್ಟು ಕೂತಿದ್ದವರು ಅಂತರ ಬಿಟ್ಟೇ ಮಾತಿಗೆ ಸೇರಿದರು. ಯಾರು ಹೋದರು, ಯಾರು ಉಳಿದರು, ಯಾರ ಮೊಮ್ಮಗಳಿಗೆ ಮದುವೆಯಾಯಿತು, ಫೋನಿನಲ್ಲಿ ಮುಖ ನೋಡಿ ಮಾತಾಡುವುದೆಂದರೆ ಎಂಥ ಹಿಂಸೆ. ಮಾಸ್ಕಿನೊಳಗಿನ ಮಾತು ಅರ್ಧ ಕೇಳಿಸದೆ, ಕೇಳಿಸದ್ದನ್ನು ಮತ್ತೆ ಕೇಳಿ, ಕಿವಿ ಮಂದವಾದವರಿಗೆ ಪಕ್ಕದವರು ಕೂಗಿ ಹೇಳಿ, ಆ ಮಕ್ಕಳ ಕೊಳದ ಸುತ್ತ ಬಹಳ ದಿನಗಳ ಮೇಲೆ ಗದ್ದಲ ಎದ್ದಿತು.

ಸೊಳ್ಳೆ ಬಂದು "ಅಜ್ಜಿ, ಹೊತ್ತಾಯ್ತು. ಏನೂ ತೊಂದರೆ ಇಲ್ಲ ತಾನೆ? ಇನ್ನು ಮನೆಗೆ ಹೋಗಬಹುದು" ಎಂದ.

"ಹೋಗಿ ಏನು ಮಾಡ್ಲಿ?" ಎಂದರು ಅತ್ತೆ. "ನಿನ್ನ ಕೆಲಸ ನೋಡ್ಕೋ ಹೋಗು."

ಶಿಳ್ಳೆ ಅಕ್ಕ ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಇನ್ನೊಂದು ಗಳಿಗೆಗೆ ಎದ್ದು ಮುಂದಿನ ಬಾಗಿಲಿಗೆ ಹೋಗಬೇಕಿತ್ತು. ಆದರೆ ಅತ್ತೆಗೆ ಜ್ವರ ಬಂದಂದಿನಿಂದ ಅವಳು ನೆಟ್ಟಗೆ ಕಣ್ಣು ಮುಚ್ಚಿರಲಿಲ್ಲ. ಕಂಬದ ಮೇಲೆ ತಲೆಯಿಟ್ಟಳು, ಸುಮ್ಮನೆ ಒಂದು ನಿಮಿಷ ಅಂತ. ಅಷ್ಟಕ್ಕೇ ನಿದ್ದೆ ಬಂತು. ಬಾಯಿ ಸ್ವಲ್ಪ ತೆರೆದು, ಮಾಸ್ಕು ಒಳಗೆ ಹೊರಗೆ ಆಡುತ್ತಾ, ಗಾಢ ನಿದ್ದೆ.

ಗುಂಡಿ ಅಂಗಡಿಯವರು ಏನೋ ಹೇಳಿ ಜೋರಾಗಿ ನಗಲು ಹೊರಟರು. ಅತ್ತೆ ಕೈ ಅಡ್ಡ ಹಿಡಿದರು.

"ಶ್! ಮೆಲ್ಲಗೆ. ನನ್ನ ಸೊಸೆ ಮಲಗಿದಾಳೆ."

ಇಡೀ ಮೆಟ್ಟಿಲ ಸಾಲು ಪಿಸುಮಾತಿಗೆ ಇಳಿಯಿತು. ವಿಷಯ ತಿಳಿದ ಡಾಕ್ಟರಮ್ಮ ಮುಂದಿನ ಬಾಗಿಲಿಗೆ ತಾವೇ ಹೋಗಿ ನಿಂತರಂತೆ.